ಕಲ್ಯಾಣದ ನಿರೀಕ್ಷೆಯೂ ಕನ್ನಡ ಕ್ರೈಸ್ತರೂ

'ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ' ಎಂಬ ಗಾದೆಯನ್ನು ಕೇಳದ ಮನೆ ಕನ್ನಡ ನಾಡಿನಲ್ಲಿ ಇರಲಾರದು. ಮುಂಗಾರು ಕೈಕೊಟ್ಟ ವರ್ಷ, ಯಜಮಾನನ ಕೆಲಸ ಹೋದ ತಿಂಗಳು, ಆಸ್ಪತ್ರೆಯ ಜಗಲಿಯಲ್ಲಿ ಕಾದು ಕುಳಿತ ರಾತ್ರಿ, ಮನೆಯ ಹಿರಿಯರು ಯಾರಾದರೊಬ್ಬರು ಈ ಮಾತನ್ನು ಆಡಿಯೇ ಆಡುತ್ತಾರೆ. ಆದರೆ ವಾಚಕರೇ, ಒಂದು ಸಂಗತಿಯನ್ನು ತಾವೂ ಗಮನಿಸಿರಬಹುದು. ಈ ಮಾತನ್ನಾಡಿ ಹೊದ್ದು ಮಲಗುವವರೂ ಇದ್ದಾರೆ, ಇದೇ ಮಾತನ್ನಾಡಿ ಗುದ್ದಲಿ ಹೆಗಲಿಗೇರಿಸುವವರೂ ಇದ್ದಾರೆ. ಇಬ್ಬರೂ ದೇವರನ್ನು ನಂಬಿದವರೇ. ಹಾಗಾದರೆ ನಾಳೆ ಏನಾಗುವುದೋ ತಿಳಿಯದ ಕಾಲದಲ್ಲಿ ದೇವರನ್ನು ನಂಬುವುದು ಎಂದರೇನು? ಕ್ರೈಸ್ತಧರ್ಮ ತನ್ನ ಹುಟ್ಟಿನಿಂದಲೂ ಕೇಳಿಕೊಂಡು ಬಂದ ಪ್ರಶ್ನೆ ಇದು. ಇದಕ್ಕೆ ಗ್ರಂಥಗಳಲ್ಲಿ ಉತ್ತರವಿದೆ. ನಮ್ಮ ನಾಡಿನ ಇತಿಹಾಸದಲ್ಲಿಯೂ ಇದೆ. ಇತಿಹಾಸದ ಉತ್ತರವನ್ನು ಹುಡುಕಲು ತಮ್ಮನ್ನು ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದಗಳ ಕಡೆಗೆ ಕರೆದೊಯ್ಯುವುದು ಈ ಲೇಖನದ ಉದ್ದೇಶ.

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಉಮರ್ಗಾ ದಾಟಿ ಬಂದರೆ, ಬಸವಕಲ್ಯಾಣಕ್ಕೆ ಹೊರಳುವ ದಾರಿ ಸಿಗುತ್ತದೆ. ಅದೇ ಹೆದ್ದಾರಿಯಲ್ಲಿ ಇನ್ನೂ ಪೂರ್ವಕ್ಕೆ ನಡೆದರೆ ಹುಮನಾಬಾದ. ಕೆಂಪು ಮಣ್ಣು, ಕಪ್ಪು ಮಣ್ಣು, ತೊಗರಿಯ ಹೊಲಗಳು. ಹತ್ತು ಹೆಜ್ಜೆಗೊಂದು ಭಾಷೆ ಎಂಬಂತೆ ಕನ್ನಡ, ಮರಾಠಿ, ತೆಲುಗು, ಉರ್ದು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಇಂದು ಸಾಧಾರಣ ತಾಲ್ಲೂಕು ಊರಾಗಿ ಕಾಣುವ ಕಲ್ಯಾಣ ಒಂದು ಕಾಲದಲ್ಲಿ ದಖನ್ನಿನ ರಾಜಧಾನಿ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನು ಮಾನ್ಯಖೇಟವನ್ನು ಬಿಟ್ಟು ಇಲ್ಲಿಗೆ ರಾಜಧಾನಿಯನ್ನು ತಂದನು. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಕಾಶ್ಮೀರದ ಬಿಲ್ಹಣ ಕಾವ್ಯ ಬರೆದನು; ವಿಜ್ಞಾನೇಶ್ವರನು ಮಿತಾಕ್ಷರವನ್ನು ರಚಿಸಿದನು. ಅಂಥ ಪಟ್ಟಣದಲ್ಲಿ, ಕಳಚುರಿ ಬಿಜ್ಜಳನ ಕಾಲದಲ್ಲಿ, ಬಸವಣ್ಣನವರು ಭಂಡಾರಿಗಳಾಗಿದ್ದರು. ಅವರ ಸುತ್ತ ನೇಯುವವರು, ಹಗ್ಗ ಹೊಸೆಯುವವರು, ಚಮ್ಮಾರರು, ದೋಣಿ ನಡೆಸುವವರು, ಕಟ್ಟಿಗೆ ಮಾರುವವರು ಒಂದು ಸಮೂಹವಾಗಿ ಕೂಡಿದರು. ಮುಂದೆ ನಡೆದದ್ದು ಶಾಲೆಯ ಮಕ್ಕಳಿಗೂ ಗೊತ್ತು. 1167ರ ಸುಮಾರಿಗೆ ಆ ಸಮೂಹ ಚೆದುರಿತು. ಬಸವಣ್ಣನವರು ಕೂಡಲಸಂಗಮಕ್ಕೆ ನಡೆದರು. ಚನ್ನಬಸವಣ್ಣನವರೊಂದಿಗೆ ಹೊರಟವರು ಉಳವಿಯ ಕಾಡು ಸೇರಿದರೆಂದು ಪರಂಪರೆ ಹೇಳುತ್ತದೆ.

ಚೆದುರಿದ ಜನ ತಮ್ಮೊಂದಿಗೆ ಎರಡು ವಸ್ತುಗಳನ್ನು ಒಯ್ದರು. ಒಂದು, ವಚನಗಳ ಓಲೆಗರಿ. ಇನ್ನೊಂದು, ಕಣ್ಣಿಗೆ ಕಾಣದ್ದು: ಕಲ್ಯಾಣ ಮತ್ತೆ ಕಟ್ಟಲ್ಪಡುವುದು ಎಂಬ ನಿರೀಕ್ಷೆ. ಈ ನಿರೀಕ್ಷೆ ಕಾಲಕ್ರಮದಲ್ಲಿ 'ಕಾಲಜ್ಞಾನ' ಎಂಬ ಸಾಹಿತ್ಯವಾಗಿ ಬೆಳೆಯಿತು. ಮುಂದೆ ಇಂಥಿಂಥ ಅನರ್ಥಗಳಾಗುವವು, ಇಂಥಿಂಥ ದೊರೆಗಳು ಅಳಿಯುವರು, ಕೊನೆಗೆ ವೀರವಸಂತರಾಯನೆಂಬ ಧರ್ಮಪ್ರಭು ಬಂದು ಕಲ್ಯಾಣದಲ್ಲಿ ಪಟ್ಟವೇರುವನು, ಶರಣರು ಮರಳಿ ಬರುವರು ಎಂಬುದು ಅದರ ಸಾರ. ವಿರೂಪಾಕ್ಷ ಪಂಡಿತನು 1584ರಲ್ಲಿ ಮುಗಿಸಿದ ಚನ್ನಬಸವಪುರಾಣದಲ್ಲಿಯೂ ಈ ಭವಿಷ್ಯದ ಮಾತುಗಳು ಬಂದಿವೆ. ತಾಳಿಕೋಟೆಯ ಯುದ್ಧ ನಡೆದು ವಿಜಯನಗರ ಹಾಳಾದದ್ದು 1565ರಲ್ಲಿ. ಆ ಪುರಾಣ ಬಂದದ್ದು ಅದಾದ ಇಪ್ಪತ್ತು ವರ್ಷಗಳೊಳಗೆ. ನೆಲೆ ತಪ್ಪಿದ ಕಾಲದಲ್ಲಿ ಜನ ನಾಳೆಯ ಕಡೆಗೆ ಕಣ್ಣು ನೆಡುವುದು ಸಹಜವಷ್ಟೆ.

ಇಲ್ಲಿ ಪದವೊಂದರ ವಿಚಾರ ಹೇಳಿ ಮುಂದೆ ಹೋಗುವುದು ಒಳ್ಳೆಯದು. 'ನಿರೀಕ್ಷೆ' ಎಂಬುದು ಸಂಸ್ಕೃತದ 'ಈಕ್ಷ್' ಎಂಬ ಧಾತುವಿನಿಂದ ಬಂದುದು; ಚೆನ್ನಾಗಿ ದಿಟ್ಟಿಸಿ ನೋಡುವುದು ಎಂದು ಅದರ ಮೂಲಾರ್ಥ. ಕನ್ನಡದಲ್ಲಿ ಅದು ಎದುರುನೋಡುವುದು, ದಾರಿ ಕಾಯುವುದು ಎಂಬ ಅರ್ಥವನ್ನು ಪಡೆಯಿತು. 'ನಂಬು' ಎಂಬುದು ದ್ರಾವಿಡ ಧಾತು. ತಮಿಳಿನಲ್ಲಿಯೂ ಇದೆ, ತೆಲುಗಿನಲ್ಲಿ 'ನಮ್ಮು' ಆಗಿದೆ. ಹಳಗನ್ನಡದಲ್ಲಿ ಇದರ ಜೊತೆಗೆ 'ನೆಚ್ಚು' ಎಂಬ ಸೊಗಸಾದ ಮಾತೂ ಇತ್ತು. ಬಳ್ಳಾರಿಯಲ್ಲಿ ನೆಲಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಹಾಯಕರು ವರ್ಷಗಟ್ಟಲೆ ದುಡಿದು ಬೈಬಲಿನ ಕನ್ನಡ ಅನುವಾದವನ್ನು ಸಿದ್ಧಪಡಿಸಿದರು. 1831ರ ವೇಳೆಗೆ ಇಡೀ ಬೈಬಲು ಕನ್ನಡದಲ್ಲಿ ಬಂದಿತ್ತು. ಮುಂದೆ ಅನುವಾದ ಹಲವು ಬಾರಿ ತಿದ್ದುಪಡಿಯಾಯಿತು. ಪ್ರೊಟೆಸ್ಟೆಂಟ್ ಕ್ರೈಸ್ತರಲ್ಲಿ ನಂಬಿಕೆ, ನಿರೀಕ್ಷೆ, ಪ್ರೀತಿ ಎಂಬ ಮೂರು ಪದಗಳು ಧರ್ಮದ ಮೂರು ಕಂಬಗಳಾಗಿ ನಿಂತವು. ಕೆಥೊಲಿಕರು ವಿಶ್ವಾಸ, ಭರವಸೆ, ಪ್ರೀತಿ ಎನ್ನುತ್ತಾರೆ. ಹೊಸ ಧರ್ಮ ಬಂದರೂ ಅದು ಆಡಿದ ಮಾತು ಈ ಮಣ್ಣಿನದೇ. ಕಲ್ಯಾಣದಿಂದ ಹೊರಟವರು ಕಾದುಕೊಂಡು ಬಂದ ನಿರೀಕ್ಷೆಯೂ ಕ್ರೈಸ್ತರ ನಿರೀಕ್ಷೆಯೂ ಒಂದು ದಿನ ಮುಖಾಮುಖಿಯಾಗಬೇಕಾಗಿತ್ತು, ಆದವು.

ಆ ಭೇಟಿ ನಡೆದದ್ದು ಧಾರವಾಡ ಸೀಮೆಯಲ್ಲಿ. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿನ ಮೊದಲ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿದರು. ಆಗಿನ ಆ ಸೀಮೆಯ ಪರಿಸ್ಥಿತಿಯನ್ನು ನೆನೆಯಿರಿ. 1818ರಲ್ಲಿ ಪೇಶವೆಯವರ ಆಳ್ವಿಕೆ ಮುರಿದಿತ್ತು. 1824ರಲ್ಲಿ ಕಿತ್ತೂರು ಬಿದ್ದಿತ್ತು. ದೇಸಾಯರ ವಾಡೆಗಳಲ್ಲಿ ದೀಪ ಆರಿತ್ತು. ಹೊಸ ಕುಂಪಣಿ ಸರ್ಕಾರದ ಕಂದಾಯದ ಲೆಕ್ಕ ರೈತನಿಗೆ ಅರ್ಥವಾಗುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ, ಕಾಲಜ್ಞಾನವನ್ನು ನೆಚ್ಚಿಕೊಂಡಿದ್ದ ಒಂದು ಪಂಥದ ಜನ ಈ ಬಿಳಿಯ ಪಾದ್ರಿಗಳನ್ನು ಹುಡುಕಿಕೊಂಡು ಬಂದರು. ತಮ್ಮ ಗ್ರಂಥಗಳು ಹೇಳುವ ಕಾಲ ಇದೇ ಇರಬಹುದೆಂದು ಅವರಿಗೆ ತೋರಿತು. ಪಾದ್ರಿಗಳಿಗೂ ಹಿಡಿಸಲಾರದ ಹರ್ಷ. ಸಾವಿರಾರು ಮಂದಿ ಒಮ್ಮೆಗೇ ಕ್ರಿಸ್ತನನ್ನು ಅಂಗೀಕರಿಸುವರೆಂದು ಅವರು ಎದುರುನೋಡಿದರು. ಬರುವವರಿಗೆ ನೆಲೆಯಿರಲೆಂದು 1841ರಲ್ಲಿ ಗದಗಿನ ಹತ್ತಿರ ಮಲಸಮುದ್ರ ಎಂಬಲ್ಲಿ ಭೂಮಿ ಪಡೆದು ಒಂದು ಬೇಸಾಯದ ವಸಾಹತನ್ನೇ ಏರ್ಪಡಿಸಿದರು.

ಆದರೆ ಸಾವಿರಾರು ಮಂದಿ ಬರಲಿಲ್ಲ. ಬಂದವರು ಕೆಲವೇ ಜನ. ಎರಡು ಪಕ್ಷದವರೂ ತಾವು ಕಾಯುತ್ತಿದ್ದುದು ಬಂದೇಬಿಟ್ಟಿತೆಂದು ಭಾವಿಸಿದ್ದರು. ಒಬ್ಬರು ಆಸರೆ ಕೊಡುವ ಹೊಸ ಪ್ರಭುವನ್ನು ಹುಡುಕುತ್ತಿದ್ದರು. ಇನ್ನೊಬ್ಬರು ಸುಗ್ಗಿಯ ಹೊಲವನ್ನು. ಸಿಕ್ಕಿದ್ದು ಇದಲ್ಲವೆಂದು ತಿಳಿದಾಗ ಇಬ್ಬರಿಗೂ ನಿರಾಶೆ. ಭವಿಷ್ಯವನ್ನು ಮೊದಲೇ ಗುರುತು ಹಾಕಿಟ್ಟುಕೊಂಡು, ದೇವರು ಆ ಗುರುತಿಗೆ ಸರಿಯಾಗಿ ಬರಬೇಕೆಂದು ಹಟ ಹಿಡಿದರೆ ಅದನ್ನು ನಂಬಿಕೆ ಎನ್ನಬಹುದೇ? ಮಲಸಮುದ್ರದ ಪ್ರಸಂಗ ನಮ್ಮ ಮುಂದೆ ಇಡುವ ಪ್ರಶ್ನೆ ಇದು.

ಈ ನಿರಾಶೆಯ ನಂತರ ಏನಾಯಿತೆಂಬುದು ಇನ್ನೂ ಮುಖ್ಯ. ಜನರ ಮನಸ್ಸಿನಲ್ಲಿರುವುದೇನೆಂದು ತಿಳಿಯಬೇಕಾದರೆ ಅವರ ಗ್ರಂಥಗಳನ್ನು ಓದಬೇಕೆಂದು ಪಾದ್ರಿಗಳಲ್ಲಿ ಕೆಲವರಿಗೆ ಮನವರಿಕೆಯಾಯಿತು. 1836ರಲ್ಲಿ ಬಂದಿದ್ದ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರತಂದರು. 1848ರಿಂದ ಕೆಲವು ವರ್ಷ, ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಧನಸಹಾಯದಿಂದ, ಬಸವಪುರಾಣ, ಚನ್ನಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮೊದಲಾದುವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಹುಬ್ಬಳ್ಳಿ, ಧಾರವಾಡಗಳ ಕಡೆ ದುಡಿದ ವೂರ್ಥ್ ಎಂಬ ಪಾದ್ರಿ ಬಸವಪುರಾಣವನ್ನೂ ಚನ್ನಬಸವಪುರಾಣವನ್ನೂ ಇಂಗ್ಲಿಷಿಗೆ ಸಂಗ್ರಹವಾಗಿ ಅನುವಾದಿಸಿದರು. 1860ರ ದಶಕದಲ್ಲಿ ಅವು ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾದವು. ಕಲ್ಯಾಣದ ಕಥೆಯನ್ನು ಹೊರಜಗತ್ತಿಗೆ ಮೊದಮೊದಲು ತಿಳಿಸಿದವರಲ್ಲಿ ಹೀಗೆ ಕ್ರೈಸ್ತ ಪಾದ್ರಿಯೊಬ್ಬರು ಸೇರಿದ್ದಾರೆ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ 1862ರಲ್ಲಿ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿಯೇ ಹಾಡಿದರು. ಅವರ ನಿಘಂಟು ಮುಗಿದು ಬಂದದ್ದು 1894ರಲ್ಲಿ. ಸುಮಾರು 70,000 ಪದಗಳ ಆ ಗ್ರಂಥವನ್ನು ನಾಳೆಯೇ ಫಲ ಬೇಕೆನ್ನುವವನು ಬರೆಯಲಾರನು.

ಕಾಯುವಿಕೆ ಕಾಯಕವಾದ ಇನ್ನೊಂದು ಬಗೆಯನ್ನೂ ಹೇಳಬೇಕು. ಕ್ರೈಸ್ತರಾದವರಿಗೆ ಅಂದು ಹುಕ್ಕಾಪಾನಿ ಬಂದಾಗುತ್ತಿತ್ತು. ಕುಲದ ಕಸುಬೂ ಹೋಗುತ್ತಿತ್ತು. ಪ್ರಾರ್ಥನೆಯಿಂದಲೇ ಹೊಟ್ಟೆ ತುಂಬದು. ಆದುದರಿಂದ ಬಾಸೆಲ್ ಮಿಷನ್ನಿನವರು 1851ರಲ್ಲಿ ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆಯನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದರು. ತಮ್ಮ ಮನೆಯ ಮಾಡಿನ ಮೇಲಿನ ಮಂಗಳೂರು ಹೆಂಚಿನ ಹಿಂದೆ, ನೆಂಟರಿಷ್ಟರನ್ನು ಕಳೆದುಕೊಂಡು ನಾಳೆಯ ಊಟ ಎಲ್ಲಿಂದ ಎಂದು ತಿಳಿಯದೆ ನಿಂತಿದ್ದ ಕುಟುಂಬಗಳ ಕಥೆಯಿದೆ ಎಂಬುದನ್ನು ನೆನಪಿಡಿ. ನೇಕಾರನ ಮಗ್ಗವೂ ಹಗ್ಗ ಹೊಸೆಯುವವನ ಕೈಯೂ ಪೂಜೆಯ ಸಾಧನವೇ ಎಂದು ಕಲ್ಯಾಣದಲ್ಲಿ ಹಿಂದೆ ಕಂಡುಕೊಂಡಿದ್ದ ಸತ್ಯ, ಬೇರೊಂದು ದಾರಿಯಿಂದ ಬಂದು ಇಲ್ಲಿ ಮತ್ತೆ ಬಾಗಿಲು ತಟ್ಟಿತು.

ಈಗ ಹುಮನಾಬಾದಿಗೆ ಬರೋಣ. ಮಲಸಮುದ್ರದಲ್ಲಿ ಮೇಲಿನ ಪ್ರಸಂಗ ನಡೆದ ಕಾಲಕ್ಕೇ, ಅದೇ ಕಲ್ಯಾಣದ ನೆರೆಯಲ್ಲಿ ಬೇರೊಬ್ಬ ಮಹನೀಯರು ಬೆಳೆಯುತ್ತಿದ್ದರು. ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು 1845ರಲ್ಲಿ ಹುಮನಾಬಾದಿನ ಹತ್ತಿರ ನೆಲೆ ನಿಂತರು; ಅದೇ ಇಂದಿನ ಮಾಣಿಕನಗರ. ಆ ವರ್ಷಗಳಲ್ಲಿ ನಿಜಾಮ ಸಂಸ್ಥಾನ ಸಾಲದಲ್ಲಿ ಮುಳುಗಿತ್ತು. 1853ರ ಒಪ್ಪಂದದಿಂದ ವರ್ಹಾಡ, ರಾಯಚೂರು ದೋಆಬ, ನಳದುರ್ಗದ ಸೀಮೆಗಳು ಕುಂಪಣಿಯ ಕೈಗೆ ಹೋದವು. 1860ರಲ್ಲಿ ರಾಯಚೂರೂ ನಳದುರ್ಗವೂ ಹಿಂದಿರುಗಿದವು. ಇಂದು ಯಾರ ರಾಜ್ಯದಲ್ಲಿ ಮಲಗಿ ನಾಳೆ ಯಾರ ರಾಜ್ಯದಲ್ಲಿ ಏಳುವೆವೋ ಎಂಬಂಥ ದಿನಗಳು. ಪ್ರಭುಗಳು ವೀರವಸಂತರಾಯನ ದಾರಿಯನ್ನು ಕಾಯಲಿಲ್ಲ. ಎಲ್ಲ ಮತಗಳೂ ಒಂದೇ ಸತ್ಯದ ಕಡೆಗೆ ಎಂಬ ಸಕಲಮತ ಸಿದ್ಧಾಂತವನ್ನು ಹೇಳಿದರು. ಕನ್ನಡ, ಮರಾಠಿ, ಹಿಂದುಸ್ತಾನಿಗಳಲ್ಲಿ ಪದಗಳನ್ನು ಹಾಡಿದರು. ಬಂದವರಿಗೆಲ್ಲ ಅನ್ನ ಬಡಿಸಿದರು. ಬ್ರಾಹ್ಮಣರೂ ಲಿಂಗವಂತರೂ ಮುಸಲ್ಮಾನರೂ ಆ ಬಾಗಿಲಿಗೆ ಬಂದರು. 1865ರಲ್ಲಿ ಅವರು ಸಮಾಧಿಸ್ಥರಾದರು. ಸಂಸ್ಥಾನ ಇಂದಿಗೂ ನಡೆದಿದೆ.

ನಿಜಾಮ ಸೀಮೆಗೆ ಕ್ರೈಸ್ತಧರ್ಮ ಮುಖ್ಯವಾಗಿ ಬಂದದ್ದು ಬಾಸೆಲಿನಿಂದಲ್ಲ, ಅಮೆರಿಕದ ಮೆಥೊಡಿಸ್ಟ್ ಸಭೆಯಿಂದ. ವಿಲಿಯಂ ಟೇಲರ್ ಎಂಬ ಪ್ರಚಾರಕರು 1870ರಲ್ಲಿ ಭಾರತಕ್ಕೆ ಬಂದರು. ಅದೇ ದಶಕದಲ್ಲಿ ಹೈದರಾಬಾದ್, ಸಿಕಂದರಾಬಾದುಗಳಲ್ಲಿ ಸಭೆಯ ಕೆಲಸ ಆರಂಭವಾಗಿ, ಮುಂದೆ ಕಲಬುರ್ಗಿ, ಬೀದರಗಳ ಕಡೆಗೆ ಹಬ್ಬಿತು. ಬೀದರದಲ್ಲಿ ಶಾಲೆಯೂ ಆಸ್ಪತ್ರೆಯೂ ಬಂದವು. ಹುಮನಾಬಾದ, ಬಸವಕಲ್ಯಾಣಗಳಂಥ ತಾಲ್ಲೂಕು ಊರುಗಳಲ್ಲಿಯೂ ಸುತ್ತಲ ಹಳ್ಳಿಗಳಲ್ಲಿಯೂ ಸಭೆಗಳು ಹುಟ್ಟಿದವು. ಸಭೆಗೆ ಸೇರಿದವರಲ್ಲಿ ಬಹುಭಾಗ ಊರ ಹೊರಗೆ ಬಾಳುತ್ತಿದ್ದ ಬಡ ಕುಟುಂಬಗಳು. 1876ರಿಂದ 78ರವರೆಗಿನ ಘೋರ ಬರಗಾಲ, 1918ರ ಇನ್‌ಫ್ಲುಯೆಂಜಾ ಜ್ವರ ಇವುಗಳನ್ನು ಇತಿಹಾಸಕಾರರು ಅನಿಶ್ಚಿತ ಕಾಲವೆಂದು ಬರೆಯುತ್ತಾರೆ. ಈ ಕುಟುಂಬಗಳಿಗೆ ಮಾತ್ರ ಕೂಲಿ ಸಿಗುವುದೋ ಇಲ್ಲವೋ, ಬಾವಿಯ ನೀರು ಕೊಡುವರೋ ಇಲ್ಲವೋ ಎಂದು ಪ್ರತಿದಿನವೂ ಅನಿಶ್ಚಿತವೇ ಆಗಿತ್ತು.

ಮೆಥೊಡಿಸ್ಟ್ ಸಭೆಯ ಮೂಲಪುರುಷರಾದ ಜಾನ್ ವೆಸ್ಲಿಯವರ (1703–1791) ಬಾಳಿನ ಒಂದು ಘಟನೆ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದುದು. 1736ರ ಜನವರಿಯಲ್ಲಿ ಅವರು ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹಡಗಿನಲ್ಲಿ ಹೋಗುತ್ತಿದ್ದರು. ಅದೇ ಹಡಗಿನಲ್ಲಿ ಮೊರೇವಿಯನ್ ಪಂಥದ ಕೆಲವು ಜರ್ಮನ್ ಕುಟುಂಬಗಳಿದ್ದವು. ಉಳಿದ ಪ್ರಯಾಣಿಕರು ಮಾಡಲು ಒಲ್ಲೆನೆನ್ನುವ ಕೀಳು ಚಾಕರಿಯನ್ನೆಲ್ಲ ಈ ಜನ ಸಂಬಳವಿಲ್ಲದೆ ಎಲ್ಲರಿಗೂ ಮಾಡುತ್ತಿದ್ದರು. ಯಾರಾದರೂ ನೂಕಿದರೂ ಹೊಡೆದರೂ ಸುಮ್ಮನೆ ಎದ್ದು ಹೋಗುತ್ತಿದ್ದರು. ಒಂದು ಸಂಜೆ ಬಿರುಗಾಳಿ ಎದ್ದಿತು. ಮೊರೇವಿಯನ್ನರು ಪ್ರಾರ್ಥನೆಯ ಹಾಡು ಹೇಳುತ್ತಿದ್ದಾಗಲೇ ದೊಡ್ಡ ಅಲೆಯೊಂದು ಅಪ್ಪಳಿಸಿ, ನಡುಪಾಯಿ ಹರಿದು, ನೀರು ಹಡಗಿನೊಳಗೆ ನುಗ್ಗಿತು. ಆಂಗ್ಲರಲ್ಲಿ ಚೀತ್ಕಾರವೆದ್ದಿತು. ಪಾದ್ರಿಯಾಗಿದ್ದ ವೆಸ್ಲಿಯವರಿಗೂ ಜೀವಭಯ. ಮೊರೇವಿಯನ್ನರು ಹಾಡನ್ನು ನಿಲ್ಲಿಸಲಿಲ್ಲ. ಗಾಳಿ ತಗ್ಗಿದ ಮೇಲೆ ವೆಸ್ಲಿಯವರು ಅವರಲ್ಲೊಬ್ಬನನ್ನು ಕೇಳಿದರು. ತಮಗಾಗಲಿ ತಮ್ಮ ಹೆಂಗಸರು ಮಕ್ಕಳಿಗಾಗಲಿ ಸಾವಿನ ಭಯವಿಲ್ಲವೆಂದು ಅವನು ಸೌಮ್ಯವಾಗಿ ಹೇಳಿದನು. ವೆಸ್ಲಿಯವರನ್ನು ಈ ಘಟನೆ ಬಹುಕಾಲ ಕಾಡಿತು.

ಬಿರುಗಾಳಿಯ ಈ ಭಾಗವನ್ನು ಉಪದೇಶಕರು ಅನೇಕರು ಹೇಳುತ್ತಾರೆ. ಅದಕ್ಕೆ ಮೊದಲಿನ ದಿನಗಳ ಚಾಕರಿಯ ಭಾಗವನ್ನು ಅಷ್ಟಾಗಿ ಹೇಳುವುದಿಲ್ಲ. ಎರಡನ್ನೂ ಕೂಡಿಸಿ ಓದಬೇಕೆಂದು ನನ್ನ ಅಭಿಪ್ರಾಯ. ಗಾಳಿಯಲ್ಲಿ ಅಳುಕದೆ ನಿಂತವರು ಗಾಳಿಯಿಲ್ಲದ ದಿನಗಳಲ್ಲಿ ಸಹಪ್ರಯಾಣಿಕರ ಕಸ ಬಳಿದವರು. ಆ ಚಾಕರಿಯಲ್ಲಿ ಅವರ ಅಹಂಕಾರ ಸವೆದಿತ್ತು; ಹಡಗು ಅಲುಗಿದಾಗ ಅವರ ಭಯವೂ ಅಷ್ಟೇ ಹಗುರವಾಗಿತ್ತು. ನಾಳೆಯ ಚಿಂತೆ ನಾಳೆಗಿರಲಿ ಎಂದು ಯೇಸು ತನ್ನ ಶಿಷ್ಯರಿಗೆ ಹೇಳಿದ್ದರ ಅರ್ಥವನ್ನೂ ಹೀಗೆಯೇ ತಿಳಿಯಬೇಕಾಗುತ್ತದೆ. ಅದು ಕೈಕಟ್ಟಿ ಕೂರುವುದಕ್ಕೆ ಕೊಟ್ಟ ಅಪ್ಪಣೆಯಲ್ಲ.

ಬೀದರ ಸೀಮೆಯ ಕ್ರೈಸ್ತರ ನಂಬಿಕೆಯ ಬೆಲೆ ಮಾತಿನ ಬೆಲೆಯಾಗಿ ಉಳಿಯಲಿಲ್ಲ. 1950ರ ರಾಷ್ಟ್ರಪತಿಗಳ ಆಜ್ಞೆಯ ಪ್ರಕಾರ ಪರಿಶಿಷ್ಟ ಜಾತಿಗಳ ಸೌಲಭ್ಯ ಮೊದಲು ಹಿಂದೂಗಳಿಗೆ ಮಾತ್ರ ಇದ್ದಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು. ಕ್ರೈಸ್ತರಾದ ದಲಿತರಿಗೆ ಅದು ದೊರೆಯಲಿಲ್ಲ. ಈ ಪ್ರಶ್ನೆಯನ್ನು ಪರಿಶೀಲಿಸಲು 2022ರಲ್ಲಿ ಕೇಂದ್ರ ಸರ್ಕಾರ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ನೇಮಿಸಿತು. ಕಾನೂನಿನ ಈ ವಾದದಲ್ಲಿ ಯಾವ ಪಕ್ಷ ಸರಿ ಎಂಬುದನ್ನು ವಾಚಕರು ತಾವೇ ವಿಚಾರಿಸಲಿ. ನಾನು ಗಮನಕ್ಕೆ ತರಬಯಸುವುದು ಇಷ್ಟೆ: ಮಗನ ಶಾಲೆಯ ಅರ್ಜಿಯಲ್ಲಿ ಮತ ಎಂಬ ಸಾಲಿನ ಮುಂದೆ ಏನು ಬರೆಯಬೇಕೆಂದು ಒಂದು ಗಳಿಗೆ ತಡೆದು ಯೋಚಿಸುವ ತಂದೆಗೆ ದೇವರ ಮೇಲಿನ ಭರವಸೆ ಎಂಬುದು ಭಾನುವಾರದ ಮಾತಾಗಿ ಉಳಿಯುವುದಿಲ್ಲ.

ಇನ್ನು 1948. ಆ ವರ್ಷವನ್ನು ಕಂಡ ಹಿರಿಯರು ಈ ಎರಡು ತಾಲ್ಲೂಕುಗಳಲ್ಲಿ ಈಗ ಬಲು ವಿರಳ. ಬಸವಕಲ್ಯಾಣ ತಾಲ್ಲೂಕಿನ ಗೋರಟಾ ಗ್ರಾಮದಲ್ಲಿ ಆ ವರ್ಷದ ಮೇ ತಿಂಗಳಲ್ಲಿ ರಜಾಕಾರರು ಜನರನ್ನು ಕೊಂದರು. ಅವರ ಸ್ಮಾರಕ ಇಂದು ಅಲ್ಲಿದೆ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸೊಲ್ಲಾಪುರದ ಕಡೆಯಿಂದ ಹೊರಟು, ನಳದುರ್ಗ, ಹುಮನಾಬಾದಗಳ ಇದೇ ರಸ್ತೆ ಹಿಡಿದು ಹೈದರಾಬಾದಿನ ಕಡೆಗೆ ಸಾಗಿತು. ಕೆಲವೇ ದಿನಗಳಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಆದರೆ ಭಯ ಮುಗಿಯಲಿಲ್ಲ, ಮನೆ ಬದಲಾಯಿಸಿತು. ಪಂಡಿತ ಸುಂದರಲಾಲ್ ಅವರ ಸಮಿತಿ ಸರ್ಕಾರಕ್ಕೆ ಸಲ್ಲಿಸಿದ, ಬಹುಕಾಲ ಬೆಳಕಿಗೆ ಬಾರದೆ ಉಳಿದಿದ್ದ ವರದಿಯ ಪ್ರಕಾರ, ಮುಂದಿನ ವಾರಗಳಲ್ಲಿ ಸಂಸ್ಥಾನದಾದ್ಯಂತ 27,000ದಿಂದ 40,000 ಮಂದಿ ಸತ್ತರು; ಬಹುಪಾಲು ಮುಸಲ್ಮಾನರು. ಅತ್ಯಂತ ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಒಂದು. ಅದೇ ವರದಿಯಲ್ಲಿ ಬೇರೊಂದು ಸಂಗತಿಯೂ ಇದೆ. ಕೆಲವು ಕಡೆ ಹಿಂದೂ ನೇಕಾರರು ತಮ್ಮ ಮುಸಲ್ಮಾನ ನೇಕಾರ ನೆರೆಯವರ ಪರವಾಗಿ ನಿಂತು ಅವರನ್ನು ಕಾಪಾಡಿದರು. ಅದಕ್ಕಾಗಿ ಪ್ರಾಣವನ್ನೂ ತೆತ್ತರು. ಇವರು ಯಾವ ಕಾಲಜ್ಞಾನವನ್ನು ಓದಿದ್ದರೋ ಇಲ್ಲವೋ! ಆದರೆ ಪಕ್ಕದ ಮಗ್ಗದವನು ಯಾರೆಂಬುದನ್ನು ಬಲ್ಲವರಾಗಿದ್ದರು. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡು ಪುರೋಹಿತನು ಬಳಸಿ ಹೋದ, ಅನ್ಯಜಾತಿಯ ಸಮಾರ್ಯನು ಎತ್ತಿಕೊಂಡ ಎಂಬ ಯೇಸುವಿನ ಕಥೆಯನ್ನು ತಾವು ಕೇಳಿರಬಹುದು. ಆ ಕಥೆ ನಮ್ಮ ಸೀಮೆಯಲ್ಲಿ ನಡೆದದ್ದು ಹೀಗೆ.

ಮರುವರ್ಷ, 1949ರಲ್ಲಿ, ಕಲಬುರ್ಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿತು. ಗಾಯ ಇನ್ನೂ ಮಾಯದ ನೆಲದಲ್ಲಿ ಸೇರಿದ ಆ ಸಭೆಯ ಅಧ್ಯಕ್ಷಪೀಠದಲ್ಲಿ ಕುಳಿತವರು ಒಬ್ಬ ಕ್ರೈಸ್ತ ಪಾದ್ರಿ: ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881–1962). ಅವರು ಬಾಸೆಲ್ ಮಿಷನ್ನಿನ ಸೇವೆಯಲ್ಲಿ ಬಾಳು ಸವೆಸಿದವರು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಜರ್ಮನ್ ಪಾದ್ರಿಗಳು ಶತ್ರುದೇಶದವರೆಂದು ಬಂಧನಕ್ಕೊಳಗಾದರು. ಮಿಷನ್ನಿನ ಕಾರ್ಖಾನೆಗಳು ಅದರ ಕೈತಪ್ಪಿದವು. ತಂದೆಯಿಲ್ಲದ ಮಕ್ಕಳಂತೆ ನಿಂತ ಸಭೆಗಳನ್ನು ಆ ಕಾಲದಲ್ಲಿ ಹಿಡಿದು ನಡೆಸಿದವರು ಕನ್ನಡದ ಪಾದ್ರಿಗಳು ಮತ್ತು ಉಪದೇಶಿಗಳು. ಅಂಥ ಪೀಳಿಗೆಯ ಉತ್ತಂಗಿಯವರು ಹಳ್ಳಿ ಹಳ್ಳಿ ತಿರುಗಿ, ಹಸ್ತಪ್ರತಿಗಳನ್ನು ಕೂಡಿಸಿ, ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. 'ತಿರುಳ್ಗನ್ನಡದ ತಿರುಕ' ಎಂಬ ಹೆಸರು ಅವರಿಗೆ ಒಪ್ಪಿತು. ಕಲ್ಯಾಣದಲ್ಲಿ ಅನುಭವಮಂಟಪ ನಿಜವಾಗಿ ಇತ್ತೇ ಎಂದು ವಿದ್ವಾಂಸರಲ್ಲಿ ವಾದವೆದ್ದಾಗ, ಇತ್ತೆಂದು ಆಧಾರಗಳನ್ನು ಒಡ್ಡಿ 1951ರಲ್ಲಿ 'ಅನುಭವಮಂಟಪದ ಐತಿಹಾಸಿಕತೆ' ಎಂಬ ಗ್ರಂಥವನ್ನು ಬರೆದವರೂ ಇವರೇ.

ಒಂದು ಕ್ಷಣ ಆಲೋಚಿಸಿ. 1841ರಲ್ಲಿ ಮಲಸಮುದ್ರದಲ್ಲಿ ಕಲ್ಯಾಣದ ನಿರೀಕ್ಷೆಯವರೂ ಕ್ರಿಸ್ತನ ನಿರೀಕ್ಷೆಯವರೂ ಪರಸ್ಪರ ತಿಳಿಯದೆ ಬೇರೆಯಾದರು. ನೂರ ಹತ್ತು ವರ್ಷಗಳ ಮೇಲೆ, ಅದೇ ಮಿಷನ್ನಿನ ಕನ್ನಡಿಗ ಪಾದ್ರಿಯೊಬ್ಬರು ಕ್ರಿಸ್ತನನ್ನು ಬಿಡದೆ ಕಲ್ಯಾಣದ ಸಾಕ್ಷಿಯಾಗಿ ನಿಂತರು. ಇದನ್ನು ಯಾವ ಭವಿಷ್ಯವಾದಿಯೂ ಮೊದಲು ಹೇಳಿರಲಿಲ್ಲ. ಅತ್ತ ಮೊಗ್ಲಿಂಗ್, ವೂರ್ಥ್, ಕಿಟ್ಟೆಲರು ಮಲಸಮುದ್ರದ ಫಲ ಕಾಣದಿದ್ದರೂ ಓದುತ್ತ ಬರೆಯುತ್ತ ಇದ್ದರು. ಇತ್ತ ಓಲೆಗರಿಗಳನ್ನು ಗೆದ್ದಲಿಗೆ ಕೊಡದೆ ಅಟ್ಟದ ಮೇಲೆ ಕಾಪಾಡಿದ ಮಠಗಳೂ ಮನೆಗಳೂ ಇದ್ದವು. ಈ ಎರಡೂ ಇಲ್ಲದಿದ್ದರೆ ಉತ್ತಂಗಿಯವರು ಬರುತ್ತಿರಲಿಲ್ಲ.

1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಉದಗೀರ ಒಂದು ಕಡೆಗೆ, ಜಹೀರಾಬಾದ ಒಂದು ಕಡೆಗೆ. ಕಲ್ಯಾಣ, ಹುಮನಾಬಾದ, ಭಾಲ್ಕಿ, ಔರಾದಗಳು ಬೀದರದೊಂದಿಗೆ ಕನ್ನಡ ರಾಜ್ಯಕ್ಕೆ ಬಂದವು. ಹಿಂದೆ ನವಾಬರ ಜಹಗೀರಾಗಿದ್ದ ಕಲ್ಯಾಣಿ ಬಸವಕಲ್ಯಾಣವಾಯಿತು. ಈಗ ಅಲ್ಲಿ 108 ಅಡಿ ಎತ್ತರದ ಬಸವಣ್ಣನವರ ಮೂರ್ತಿಯಿದೆ. ನೂತನ ಅನುಭವಮಂಟಪಕ್ಕೆ 2021ರ ಜನವರಿ 6ರಂದು ಅಡಿಗಲ್ಲು ಹಾಕಿದರು. ಕಲ್ಯಾಣ ಮತ್ತೆ ಕಟ್ಟಲ್ಪಡುವುದೆಂಬ ಹಳೆಯ ನಿರೀಕ್ಷೆ ಕೈಗೂಡಿತೆಂದು ಕೆಲವರಿಗೆ ಅನ್ನಿಸಬಹುದು. ಕಲ್ಲಿನ ಕೆಲಸ ಕಲ್ಲುಕುಟಿಗರು ಮಾಡಿಯಾರು. ಚಮ್ಮಾರನೂ ಭಂಡಾರಿಯೂ ಒಂದೇ ಜಮಖಾನದ ಮೇಲೆ ಕೂರುವ ಕೆಲಸ ಉಳಿದವರ ಪಾಲಿನದು.

ಬೀದರ ಸೀಮೆಯ ಕಡೆಯಿಂದ ಅನೇಕ ಕ್ರೈಸ್ತ ಕುಟುಂಬಗಳು ವರ್ಷಕ್ಕೊಮ್ಮೆ ತೆಲಂಗಾಣದ ವಿಕಾರಾಬಾದಿನ ಹತ್ತಿರ ಧಾರೂರಿನಲ್ಲಿ ಸೇರುವ ಮೆಥೊಡಿಸ್ಟ್ ಜಾತ್ರೆಗೆ ಹೋಗುತ್ತವೆ. 1923ರಲ್ಲಿ ಆರಂಭವಾದ ಈ ಕೂಟಕ್ಕೆ ನಮ್ಮ ಜನ 'ಜಾತ್ರೆ' ಎಂದೇ ಹೆಸರಿಟ್ಟಿದ್ದಾರೆ. ಗಂಟು ಮೂಟೆ ಕಟ್ಟಿಕೊಂಡು, ಮಕ್ಕಳು ಮರಿಗಳೊಂದಿಗೆ ಬಂದು, ಮರದ ಕೆಳಗೆ ಒಲೆ ಹೂಡಿ, ಹಾಡಿ, ಪ್ರಾರ್ಥಿಸಿ, ಮರಳಿ ಹೊಲದ ಕೆಲಸಕ್ಕೆ ಹೋಗುತ್ತಾರೆ. ಮುಂದಿನ ವರ್ಷ ಮಳೆ ಹೇಗೋ, ತೊಗರಿಯ ಧಾರಣೆ ಹೇಗೋ ಅವರಿಗೂ ತಿಳಿಯದು. ಮಾಣಿಕನಗರದ ಜಾತ್ರೆಯಿಂದ ಮರಳುವವರಿಗೂ ಬಸವಕಲ್ಯಾಣದ ಶರಣರ ಮೇಳದಿಂದ ಹೊರಡುವವರಿಗೂ ಅದು ತಿಳಿಯದು.

ಆದುದರಿಂದ ವಾಚಕರೇ, ಮುಂದೆ ಎಂದಾದರೂ ತಾವು ಆ ಹೆದ್ದಾರಿಯಲ್ಲಿ ಪ್ರಯಾಣ ಮಾಡಿದರೆ, ಕಲ್ಯಾಣದ ಕೋಟೆಯನ್ನೂ ಮಂಟಪವನ್ನೂ ನೋಡಿ. ಮಾಣಿಕನಗರದಲ್ಲಿ ಪ್ರಸಾದ ಸ್ವೀಕರಿಸಿ. ಭಾನುವಾರವಾಗಿದ್ದರೆ ಹುಮನಾಬಾದಿನ ಮೆಥೊಡಿಸ್ಟ್ ಸಭೆಯ ಕಡೆಗೂ ಒಮ್ಮೆ ಹೋಗಿ ಬನ್ನಿ. ಆರಾಧನೆ ಮುಗಿದ ಮೇಲೆ ಸಭೆಯವರು ಬಾಗಿಲಲ್ಲಿ ನಿಂತು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವುದನ್ನು ಗಮನಿಸಿ: ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗನಿಗೆ ಕೆಲಸವಿಲ್ಲ, ಯಾರ ಮನೆಗೆ ಜೋಳ ಬೇಕು. ಈ ಲೇಖನದ ಮೊದಲಲ್ಲಿ ಎತ್ತಿದ ಪ್ರಶ್ನೆಗೆ ಆ ಬಾಗಿಲಲ್ಲಿ ಸಿಗುವ ಉತ್ತರಕ್ಕಿಂತ ಹೆಚ್ಚಿನದು ನನ್ನಲ್ಲಿ ಇಲ್ಲ.